ಊಟ ನಮ್ಮದು, ಹೊತ್ತು ಅವರದು

ಅಹಮದಾಬಾದಿನಲ್ಲಿ ನಮ್ಮ ಪಕ್ಕದ ಮನೆಯವರು ಜೈನರು. ಸೂರ್ಯ ಮುಳುಗುವ ಮೊದಲೇ ಅವರ ರಾತ್ರಿಯೂಟ ಮುಗಿದಿರುತ್ತದೆ. ಚೌವಿಹಾರ ಎನ್ನುತ್ತಾರೆ, ಆಮೇಲೆ ಬೆಳಗಿನವರೆಗೆ ನೀರೂ ಇಲ್ಲ. ಅವರಿಗೆ ಅದು ಜೀವಹಿಂಸೆ ತಪ್ಪಿಸುವ ವ್ರತವೇ ಹೊರತು ಹೊಟ್ಟೆಯ ಲೆಕ್ಕಾಚಾರವಲ್ಲ. ಆದರೂ ಶಿರಸಿ ಸೀಮೆಯ ನಮ್ಮ ಮನೆಗಳ ದಿನಚರಿಯನ್ನು ಅದರ ಪಕ್ಕದಲ್ಲಿಟ್ಟರೆ ನಾವು ಸೋಲುತ್ತೇವೆ ಎಂದೇ ನನ್ನ ಅನಿಸಿಕೆ.

ಅಡುಗೆಯಲ್ಲಿ ಸೋಲುವುದಿಲ್ಲ, ಅದು ಬೇರೆ ಮಾತು. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಒಂದೆಲಗ ಮತ್ತು ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದ ತಂಬುಳಿಗಿಂತ ಹಗುರವಾದದ್ದನ್ನು ನಾನು ಇಲ್ಲಿ ಉಂಡಿಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವವರಲ್ಲಿ ಅನೇಕರಿಗೆ ಮಜ್ಜಿಗೆ ಒಗ್ಗುತ್ತದೆ; ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳು ಮೊದಲೇ ಆಮ್ಲವಾಗಿಸಿರುತ್ತವೆ. ಹೊಟ್ಟೆ ಕೆಟ್ಟ ದಿನದ ಗಂಜಿ, ಕಾರವಾರದವರು ಕೋಕಂ ಮತ್ತು ಕಾಯಿಹಾಲಿನಿಂದ ಮಾಡುವ ಸೋಲ್ ಕಡಿ ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ.

ತಕರಾರು ಇರುವುದು ಉಂಡ ಮೇಲಿನ ಚಾಪೆಯ ಬಗ್ಗೆ. "ಅಪ್ಪೆಹುಳಿ ಕುಡಿದು ಒಂದು ತಾಸು ಮಲಗದಿದ್ದರೆ ಅದೆಂಥ ಊಟವೋ ತಮಾ" ಎನ್ನುವ ದೊಡ್ಡಪ್ಪಂದಿರು ನಮ್ಮಲ್ಲಿ ಮನೆಗೊಬ್ಬರು. ಹೋಳಿಗೆ, ತುಪ್ಪ, ಮೇಲೆ ಎರಡು ಲೋಟ ಮಾವಿನಕಾಯಿಯ ಅಪ್ಪೆಹುಳಿ, ನೇರ ಜಗುಲಿ. ಒಳಗೆ ಆಗುವುದೇನು? ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ತುತ್ತು ಇಳಿಯುವಾಗ ಸಡಿಲಗೊಂಡು ಮತ್ತೆ ಬಿಗಿಯುವುದು ಅದರ ಕೆಲಸ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಅದನ್ನು ತಾಳಿಕೊಳ್ಳುವ ದಪ್ಪ ಲೋಳೆಯ ಪದರ ಜಠರಕ್ಕುಂಟು, ಅನ್ನನಾಳಕ್ಕಿಲ್ಲ. ಗಟ್ಟಿ ಆಹಾರ ಜಠರದಿಂದ ಸಣ್ಣ ಕರುಳಿಗೆ ಪೂರ್ತಿ ಸಾಗಲು ನಾಲ್ಕು ತಾಸಿನವರೆಗೂ ಹಿಡಿಯುತ್ತದೆ. ಜಿಡ್ಡು ಹೆಚ್ಚಿದಷ್ಟೂ ತಡ. ತುಂಬಿದ ಹೊಟ್ಟೆಯಲ್ಲಿ ಅಂಗಾತ ಮಲಗಿದರೆ ಆಮ್ಲವು ಉಂಗುರ ದಾಟಿ ಮೇಲೇರುವುದು ಸುಲಭ. ಎದೆಯುರಿ, ಹುಳಿತೇಗು, ಕೆಲವರಿಗೆ ಬಿಡದ ಒಣಕೆಮ್ಮು. ರಾತ್ರಿಯದ್ದಂತೂ ಧಾರಾವಾಹಿ ಮುಗಿದ ಮೇಲಿನ ಊಟ, ಊಟದ ಬೆನ್ನಿಗೇ ಹಾಸಿಗೆ. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ತಾಸು ಬಿಡಿ ಎಂದು ವೈದ್ಯರು ಹೇಳುವುದನ್ನು ನನ್ನ ನೆರೆಯವರು ಯಾರೂ ಹೇಳದೆಯೇ ಪಾಲಿಸುತ್ತಿದ್ದಾರೆ.

ಊಟದ ನಂತರದ ಕವಳದ, ಅಂದರೆ ತಂಬಾಕು ಸೇರಿಸಿದ ಎಲೆಅಡಿಕೆಯ, ವಿಷಯವನ್ನು ಅಡಿಕೆ ತೋಟದ ಮನೆಯವನಾದ ನಾನು ಬರೆಯುವುದು ಕಷ್ಟ. ಬರೆಯಲೇಬೇಕು: ತಂಬಾಕಿನ ನಿಕೋಟಿನ್ ಆ ಉಂಗುರವನ್ನೇ ಸಡಿಲಿಸುತ್ತದೆ. ಅಡಿಕೆಯಿಂದ ಬಾಯಿಗೆ ಆಗುವ ಕೇಡು ಇದಕ್ಕಿಂತ ದೊಡ್ಡದು.

ಹಾಗೆಂದು ಅಹಮದಾಬಾದಿನವರೆಲ್ಲ ಸಂಯಮಿಗಳೆಂದು ತಿಳಿಯಬೇಡಿ. ಹಗಲು ಚಿನ್ನಬೆಳ್ಳಿ ವ್ಯಾಪಾರದ ಮಾಣೆಕ್ ಚೌಕ್ ರಾತ್ರಿ ತಿಂಡಿಪೇಟೆಯಾಗುತ್ತದೆ. ನಡುರಾತ್ರಿಯಲ್ಲೂ ಕಾವಲಿಯ ಮೇಲೆ ಬೆಣ್ಣೆ ಕರಗುತ್ತಲೇ ಇರುತ್ತದೆ. ಅಲ್ಲಿ ತಿಂದು ಬಂದ ನನ್ನ ಸಹೋದ್ಯೋಗಿಗಳು ಮರುದಿನ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಊಟದ ನಂತರ ಮುಖವಾಸದಂತೆ (ಬಾಯಿ ಘಮಘಮಿಸಲು ಅಗಿಯುವ ಸೋಂಪು ಇತ್ಯಾದಿಯಂತೆ) ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮ್ಲ ಸುರಿಸುವ ಪಂಪುಗಳನ್ನು ತಡೆಯುವ ಈ ಔಷಧವನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ತಾಸು ಮೊದಲು ನುಂಗಬೇಕು. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವಂಥದ್ದೂ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಊರಿನವರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಹೊಟ್ಟೆಹುಣ್ಣಿಗೆ ಖಾರವೇ ಕಾರಣವೆಂದು ಇಂದಿಗೂ ಮೆಣಸಿನಕಾಯಿಯನ್ನು ಬಯ್ಯುತ್ತಾರೆ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು 1982ರಲ್ಲಿ ಬೆಳೆಸಿ ತೋರಿಸಿದರು. ಹುಣ್ಣಿಗೂ ಅದಕ್ಕೂ ಇರುವ ನಂಟನ್ನು ಸಾಧಿಸಿದ್ದಕ್ಕೆ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು ಮುಖ್ಯ ಕಾರಣ ನೋವಿನ ಮಾತ್ರೆ. ತೋಟದಲ್ಲಿ ಬಗ್ಗಿ ದುಡಿದು ಸೊಂಟ ಹಿಡಿಯಿತೆಂದು ಡೈಕ್ಲೋಫೆನಾಕ್ ಅನ್ನು ತಾವೇ ಕೊಂಡು ತಿಂಗಳುಗಟ್ಟಲೆ ನುಂಗುವವರು, ಹೊಟ್ಟೆ ಉರಿದಾಗ ಕೊತ್ತಂಬರಿ ಕಷಾಯ ಕುದಿಸುತ್ತಾರೆ. ಮಾತ್ರೆಯ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲ. ನುಂಗಲು ತ್ರಾಸಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಡಾಂಬರಿನಂತೆ ಕಪ್ಪಾದರೆ ಕಷಾಯ ಕುದಿಯುವವರೆಗೂ ಕಾಯಬಾರದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಯಾವುದರಿಂದ ಆಯಿತೆಂಬುದನ್ನು ವೈದ್ಯರು ಹೇಳಲಿ, ದೊಡ್ಡಪ್ಪ ಬೇಡ.