ನಿದ್ದೆ ಬಾರದ ಮನೆತನಗಳ ಬಗ್ಗೆ

ನಮ್ಮ ಕೊಡಗಿನಲ್ಲಿ ಹೆಣ್ಣು-ಗಂಡು ನೋಡುವ ಮಾತು ಶುರುವಾದರೆ ಮೊದಲು ವಿಚಾರಿಸೋದು ಮನೆತನ. ಯಾವ ಒಕ್ಕ (ಕುಲ), ಐನ್‌ಮನೆ (ಮೂಲಮನೆ) ಎಲ್ಲಿ, ತಾಯಿ ಕಡೆಯವರು ಯಾರು. ಅದೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಬರುತ್ತದೆ: "ಆ ಮನೆಯಲ್ಲಿ ತಲೆ ಸರಿ ಇಲ್ಲದವರು ಯಾರಾದ್ರೂ ಇದ್ದಾರಾ?" ಕೊಡವರಲ್ಲಿ ಮಾತ್ರ ಅಲ್ಲ, ಗೌಡರಲ್ಲಿ, ಸೋಮವಾರಪೇಟೆ ಕಡೆಯ ಲಿಂಗಾಯತರಲ್ಲಿ, ಎಲ್ಲರಲ್ಲೂ ಇದೇ. ಈ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿವೆ. ನನಗೆ ಇದರ ಮೇಲೆ ತುಂಬಾ ಸಿಟ್ಟಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಮೆಡಿಕಲ್ ಶಾಪ್ ನಡೆಸುವವಳು, ಡಾಕ್ಟರ್ ಅಲ್ಲ. ಆದರೆ ಡಾಕ್ಟರ್ ಹತ್ರ ಹೋಗೋಕೆ ಹಿಂಜರಿಯುವವರು ಮೊದಲು ಬರೋದು ನಮ್ಮಂಥವರ ಕೌಂಟರಿಗೆ. "ಮನಸ್ಸಿಗೆ ಬೇಜಾರಾಗಿದೆ, ಯಾವುದೂ ಬೇಡ ಅನ್ನಿಸ್ತಿದೆ" ಅಂತ ಯಾರೂ ಬಾಯಿ ಬಿಡೋದಿಲ್ಲ. "ನಿದ್ದೆ ಬರ್ತಿಲ್ಲ, ಒಂದು ಮಾತ್ರೆ ಕೊಡಿ" ಅಂತಾರೆ. ನಿದ್ದೆ ಬಗ್ಗೆ ಮಾತಾಡೋಕೆ ನಾಚಿಕೆ ಇಲ್ಲ. ಮನಸ್ಸಿನ ಬಗ್ಗೆ ಇದೆ.

ಒಂದು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪರಿಚಯದ ಹಿರಿಯ ಹೆಂಗಸೊಬ್ಬರು ಬಂದಿದ್ದರು. ಛತ್ರಿ ಮಡಚಿ ಕೈಯಲ್ಲೇ ಹಿಡಿದುಕೊಂಡು ನಿಂತರು, ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. "ಮೂರು ಗಂಟೆಗೆ ಎಚ್ಚರ ಆಗ್ತದೆ ಮಗಳೇ. ಆಮೇಲೆ ಬೆಳಗಾಗೋ ತನಕ ಶೀಟಿನ ಮೇಲೆ ಮಳೆ ಬೀಳೋದು ಕೇಳ್ತಾ ಮಲಗಿರ್ತೇನೆ. ನಮ್ಮ ಅವ್ವನಿಗೂ ಹೀಗೇ ಇತ್ತು, ಅಕ್ಕನಿಗೂ ಇದೆ. ನಮ್ಮ ತಾಯಿಮನೆ ಹೆಂಗಸರಿಗೆ ನಿದ್ದೆ ಬರೆದಿಲ್ಲ" ಅಂದರು. ನಾನು ಕೇಳಿದೆ, "ಆಂಟಿ, ಊಟ ಸೇರ್ತದಾ? ಆಂಥೂರಿಯಂ ಹೇಗಿದೆ?" ಅವರ ಅಂಗಳದ ಆಂಥೂರಿಯಂ ಹೂಗಿಡಗಳನ್ನು ನೋಡೋಕೆ ಅಕ್ಕಪಕ್ಕದ ಊರಿನವರು ಬರುತ್ತಿದ್ದರು. "ಅದರ ಕಡೆ ಹೋಗೋಕೇ ಮನಸ್ಸಿಲ್ಲ" ಅಂದರು. ಆಗ ನನಗೆ ಇದು ಬರೀ ನಿದ್ದೆಯ ವಿಷಯ ಅಲ್ಲ ಅನ್ನಿಸಿತು.

ಮಾತ್ರೆ ಕೊಡಲಿಲ್ಲ. ಅಂಥ ಮಾತ್ರೆಗಳಲ್ಲಿ ಹಲವು ಷೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಡಾಕ್ಟರ್ ಚೀಟಿ ಬೇಕು, ಯಾರು ಬರೆದರು, ಯಾರಿಗೆ, ಎಷ್ಟು ಕೊಟ್ಟೆವು ಅಂತ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮಡಿಕೇರಿಗೆ ಹೋಗಿ ಡಾಕ್ಟರನ್ನು ನೋಡಿ, ನಿದ್ದೆಯ ಜೊತೆಗೆ ಅವ್ವನದ್ದು, ಅಕ್ಕನದ್ದೂ ಹೇಳಿ ಅಂದೆ. ಹೋದರು. ಈಗ ಡಿಪ್ರೆಶನ್‌ಗೆ ಚಿಕಿತ್ಸೆ ತಗೊಳ್ತಿದ್ದಾರೆ.

ಅವರು ಹೇಳಿದ "ತಾಯಿಮನೆ ಹೆಂಗಸರಿಗೆ ನಿದ್ದೆ ಬರೆದಿಲ್ಲ" ಅನ್ನೋ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅವಳಿಜವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2000ದಲ್ಲಿ ಒಂದು ಲೆಕ್ಕ ಬಂತು. ಡಿಪ್ರೆಶನ್ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ. 37ರಷ್ಟು ವಂಶದಿಂದ ಬಂದದ್ದು ಅಂತ. ನಿದ್ರಾಹೀನತೆಯಲ್ಲೂ ವಂಶದ ಪಾಲು ಹೆಚ್ಚುಕಡಿಮೆ ಅಷ್ಟೇ ಇದೆ. 2019ರಲ್ಲಿ ಆಮ್‌ಸ್ಟರ್‌ಡ್ಯಾಂನ ವಿಜ್ಞಾನಿಗಳ ನೇತೃತ್ವದಲ್ಲಿ 13 ಲಕ್ಷಕ್ಕೂ ಜಾಸ್ತಿ ಜನರ ಡಿಎನ್‌ಎ ನೋಡಿದರು. ನಿದ್ರಾಹೀನತೆಗೆ ನಂಟಿರುವ 202 ಜಾಗಗಳು ಸಿಕ್ಕವು. ಅದೇ ವರ್ಷ ಬೇರೆ ತಂಡದವರು 8 ಲಕ್ಷ ಜನರಲ್ಲಿ ಹುಡುಕಿ ಡಿಪ್ರೆಶನ್‌ಗೆ ಸಂಬಂಧಪಟ್ಟ 102 ಡಿಎನ್‌ಎ ವ್ಯತ್ಯಾಸಗಳನ್ನು ಗುರುತಿಸಿದರು. ನಿದ್ದೆಗೆಡಿಸುವ ಜೀನ್‌ಗಳೂ ಮನಸ್ಸು ಕುಗ್ಗಿಸುವ ಜೀನ್‌ಗಳೂ ಬಹಳಷ್ಟು ಒಂದೇ. ಎಷ್ಟರ ಮಟ್ಟಿಗೆ ಅಂದರೆ, ನಿದ್ರಾಹೀನತೆಗೆ ನಿದ್ದೆಯ ಬೇರೆ ಗುಣಗಳಿಗಿಂತ ಡಿಪ್ರೆಶನ್, ಆತಂಕಗಳ ಜೊತೆಗೇ ಹತ್ತಿರದ ಸಂಬಂಧ ಕಂಡಿತು.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಮನಸ್ಸು ಕೆಟ್ಟಿದ್ದರಿಂದ ನಿದ್ದೆ ಹೋಯ್ತಾ, ನಿದ್ದೆ ಹೋಗಿದ್ದರಿಂದ ಮನಸ್ಸು ಕೆಟ್ಟಿತಾ? ಎರಡೂ ಒಟ್ಟಿಗೇ ಇದ್ದಾಗ ಹೇಳೋದು ಕಷ್ಟ. ಆದರೆ ಜೀನ್‌ಗಳು ಹುಟ್ಟುವಾಗಲೇ ಬಂದಿರುತ್ತವೆ, ನಂತರದ ಕಷ್ಟಗಳಿಂದ ಬದಲಾಗೋದಿಲ್ಲ. ನಿದ್ದೆಗೆಡಿಸುವ ಜೀನ್ ಇರುವವರಲ್ಲಿ ಡಿಪ್ರೆಶನ್ ಜಾಸ್ತಿ ಕಂಡರೆ, ನಿದ್ದೆಗೇಡೇ ಕಾರಣ ಇರಬಹುದು ಅಂತ ಊಹಿಸಬಹುದು. ಅದೇ 13 ಲಕ್ಷ ಜನರ ಅಧ್ಯಯನದಲ್ಲಿ ಹೀಗೆ ನೋಡಿದಾಗ ನಿದ್ರಾಹೀನತೆ ಡಿಪ್ರೆಶನ್‌ಗೆ ದಾರಿ ಮಾಡಿಕೊಡುತ್ತದೆ ಅನ್ನೋದಕ್ಕೆ ಬೆಂಬಲ ಸಿಕ್ಕಿತು. ಜೀನ್ ಲೆಕ್ಕ ಬಿಟ್ಟರೂ, ಡಿಪ್ರೆಶನ್ ಇಲ್ಲದ, ಆದರೆ ನಿದ್ದೆ ಬಾರದ ಜನರಿಗೆ ಮುಂದೆ ಡಿಪ್ರೆಶನ್ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ 2011ರಲ್ಲೇ ಗೊತ್ತಾಗಿತ್ತು.

ಇದನ್ನು ಓದಿದ ತಕ್ಷಣ "ಹಾಗಾದರೆ ಆ ಮನೆ ಹೆಣ್ಣು ಬೇಡ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಒಂದು ಮಾತು. ಅರೇಬಿಕಾ ಕಾಫಿ ಗಿಡಕ್ಕೆ ಕಾಂಡ ಕೊರೆಯುವ ಬಿಳಿ ಬೋರರ್ ಹುಳು ಬರೋದು ಜಾಸ್ತಿ, ರೊಬಸ್ಟಾ ಕಾಫಿಗೆ ಆ ಕಾಟ ಇಲ್ಲ. ಅದು ಗಿಡದ ಜಾತಿಯಲ್ಲೇ ಇರೋದು. ಹಾಗಂತ ಅರೇಬಿಕಾ ಕಿತ್ತು ಬಿಸಾಡಿದ್ದೇವಾ? ನೆರಳು ನೋಡ್ತೇವೆ, ಕಾಂಡ ಉಜ್ಜಿಸ್ತೇವೆ, ಹೊತ್ತಿಗೆ ಸರಿಯಾಗಿ ಟ್ರೇಸಿಂಗ್ (ಹುಳು ಹಿಡಿದ ಗಿಡ ಹುಡುಕೋದು) ಮಾಡಿಸ್ತೇವೆ. ಯಾವುದಕ್ಕೆ ಅಪಾಯ ಜಾಸ್ತಿ ಅಂತ ಮೊದಲೇ ಗೊತ್ತಿರೋದರಿಂದಲೇ ಜಾಸ್ತಿ ಆರೈಕೆ.

ಇನ್ನೂ ಒಂದು. "ಡಿಪ್ರೆಶನ್ ಜೀನ್" ಅಂತ ಒಂದೇ ಒಂದು ಜೀನ್ ಇಲ್ಲವೇ ಇಲ್ಲ. 2003ರಲ್ಲಿ ಸೆರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕಕ್ಕೆ ಸಂಬಂಧಪಟ್ಟ ಒಂದು ಜೀನ್ ಬಗ್ಗೆ ದೊಡ್ಡ ಸುದ್ದಿ ಆಗಿತ್ತು. ಅದರ ಒಂದು ರೂಪ ಇದ್ದವರು ಕಷ್ಟ ಬಂದಾಗ ಬೇಗ ಕುಗ್ಗುತ್ತಾರೆ ಅಂತ. ವರ್ಷಗಟ್ಟಲೆ ಅದನ್ನೇ ನಂಬಿದರು. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿ ಇಟ್ಟುಕೊಂಡು, ಅದೂ ಸೇರಿ ಹೆಸರಾಗಿದ್ದ 18 ಜೀನ್‌ಗಳನ್ನು ಪರೀಕ್ಷೆ ಮಾಡಿದರೆ ಯಾವುದಕ್ಕೂ ಆಧಾರ ಸಿಗಲಿಲ್ಲ. ನಿಜವಾಗಿ ಇರೋದು ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳು, ಒಂದೊಂದರದ್ದೂ ಚೂರೇ ಚೂರು ಪಾಲು. ಅವು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ, ವಿಚಾರಿಸೋಕೆ ಬಂದ ಬೀಗರಲ್ಲೂ ಇವೆ. ಆದ್ದರಿಂದ ಎಂಜಲು ಕಳಿಸಿದರೆ ಡಿಪ್ರೆಶನ್ ಬರುತ್ತಾ ಹೇಳ್ತೇವೆ ಅನ್ನುವ ಟೆಸ್ಟುಗಳಿಗೆ ದುಡ್ಡು ಹಾಕಬೇಡಿ. ಅದರಲ್ಲೂ ಈ ಲೆಕ್ಕಗಳೆಲ್ಲ ಹೆಚ್ಚಾಗಿ ಯುರೋಪ್ ಮೂಲದವರದ್ದು. ನಮ್ಮ ಜನರ ಲೆಕ್ಕ ಈಗಷ್ಟೇ ಶುರುವಾಗಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಮಾಹಿತಿ ಸಂಶೋಧಕರಿಗೆ ಸಿಕ್ಕಿದ್ದೇ 2025ರ ಜನವರಿಯಲ್ಲಿ.

ವಂಶ ಅರ್ಧ ಕಥೆಯೂ ಅಲ್ಲ. 2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಯಲ್ಲಿ ಗುಡ್ಡ ಕುಸಿಯಿತು. ಮರುವರ್ಷ ತೋರ ಊರಿನಲ್ಲಿ. ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವರಲ್ಲಿ ಇವತ್ತಿಗೂ ಜೋರು ಮಳೆ ಬಂದರೆ ಮಲಗದವರಿದ್ದಾರೆ. ಒಂದೇ ಮನೆಯ ಅಣ್ಣ ಮಲಗ್ತಾನೆ, ತಮ್ಮ ಕಿಟಕಿ ಹತ್ರ ಟಾರ್ಚ್ ಹಿಡಿದು ಕೂರ್ತಾನೆ. ಇಬ್ಬರೂ ಒಂದೇ ತಾಯಿ ಮಕ್ಕಳು. ಆದರೆ ಒಡಹುಟ್ಟಿದವರಿಗೂ ಅದೇ ಜೀನ್‌ಗಳು ಬಂದಿರೋದಿಲ್ಲ, ಕಂಡದ್ದು, ಕಳೆದುಕೊಂಡದ್ದೂ ಒಂದೇ ಅಲ್ಲ. ತಮ್ಮನಿಗೆ ಧೈರ್ಯ ಸಾಲದು ಅನ್ನೋರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ನಮ್ಮ ಮಳೆಗಾಲವೇ ಹಾಗೆ. ವಾರಗಟ್ಟಲೆ ಸೂರ್ಯ ಕಾಣೋದಿಲ್ಲ, ಕರೆಂಟೂ ಇರೋದಿಲ್ಲ. ದೇಹದೊಳಗಿನ ಗಡಿಯಾರ ಸರಿಹೋಗೋದು ಬೆಳಗಿನ ಬೆಳಕಿನಿಂದ. ಮೋಡ ಇದ್ದರೂ ಹೊರಗಿನ ಬೆಳಕು ಒಳಗಿನ ಬಲ್ಬಿಗಿಂತ ಎಷ್ಟೋ ಜಾಸ್ತಿ, ಹಾಗಾಗಿ ಬೆಳಿಗ್ಗೆ ಜಗಲಿಯಲ್ಲಾದರೂ ಕೂರಿ. ಕಾಫಿ ಬಗ್ಗೆ ಕೊಡಗಿನಲ್ಲಿ ಮಾತಾಡಿದರೆ ಜಗಳ ಆಗುತ್ತದೆ, ಆದರೂ ಹೇಳ್ತೇನೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಸಂಜೆಯ ಲೋಟ ಬಿಟ್ಟರೆ ನಷ್ಟ ಇಲ್ಲ. ಇನ್ನು "ಎರಡು ಪೆಗ್ ಹಾಕಿದರೆ ನಿದ್ದೆ ಬರ್ತದೆ" ಅನ್ನೋದು. ಬೇಗ ಬರುತ್ತದೆ, ನಿಜ. ನಡುರಾತ್ರಿ ಕಳೆದ ಮೇಲೆ ಒಡೆದುಹೋಗುತ್ತದೆ. ಮೂರು ಗಂಟೆಗೆ ಎದ್ದು ಕೂರೋ ಗಂಡಸರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಡಿಪ್ರೆಶನ್ ಇದ್ದವರಿಗಂತೂ ಕುಡಿತ ಗಾಯಕ್ಕೆ ಉಪ್ಪು.

ಮನೆಮಂದಿಗೂ ಒಂದು ಮಾತು. ರಾತ್ರಿ ಬೇಗ ನಿದ್ದೆ ಬಾರದೆ ಬೆಳಿಗ್ಗೆ ಏಳೋಕಾಗದ ಹುಡುಗರನ್ನು ಸೋಮಾರಿ ಅಂತ ಬಯ್ಯುತ್ತೇವೆ. ಅದರಲ್ಲೂ ಜೀನ್‌ಗಳ ಪಾಲಿದೆ. ದೇಹದ ಗಡಿಯಾರ ನಡೆಸುವ ಜೀನ್‌ಗಳ ಕೆಲಸ ಬಿಡಿಸಿದ ಹಾಲ್, ರಾಸ್‌ಬಾಷ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. 2021ರಲ್ಲಿ 8.4 ಲಕ್ಷ ಜನರ ಜೀನ್ ಮಾಹಿತಿ ನೋಡಿದಾಗ, ಮಲಗಿ ಏಳುವ ಹೊತ್ತು ಒಂದು ಗಂಟೆ ಮುಂಚೆ ಇದ್ದವರಿಗೆ ಡಿಪ್ರೆಶನ್ ಅಪಾಯ ಶೇ. 23ರಷ್ಟು ಕಡಿಮೆ ಕಂಡಿತು. ತಡವಾಗಿ ಮಲಗುವವರಿಗೆ ಬೇಕಾದ್ದು ಬೈಗುಳ ಅಲ್ಲ, ನಿಧಾನಕ್ಕೆ ಹೊತ್ತು ಸರಿಸಿಕೊಳ್ಳೋಕೆ ಸಹಾಯ.

ನನಗೆ ಅತಿ ಹೆಚ್ಚು ಭರವಸೆ ಕೊಟ್ಟ ಸಂಗತಿ ಈಗ ಹೇಳ್ತೇನೆ. ನಿದ್ರಾಹೀನತೆಗೆ ಮಾತ್ರೆ ಇಲ್ಲದ ಚಿಕಿತ್ಸೆ ಇದೆ, ಸಿಬಿಟಿ-ಐ ಅಂತಾರೆ. ಏಳುವ ಹೊತ್ತು ದಿನಾ ಒಂದೇ. ಹಾಸಿಗೆ ನಿದ್ದೆಗೆ ಮಾತ್ರ. ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಕೂರೋದು, ತೂಕಡಿಸಿದಾಗ ವಾಪಸ್ ಹೋಗೋದು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಮೊದಲು ಕಡಿಮೆ ಮಾಡಿ ಆಮೇಲೆ ಹೆಚ್ಚಿಸೋದು. "ಇವತ್ತೂ ನಿದ್ದೆ ಬರಲ್ಲ" ಅನ್ನುವ ಹೆದರಿಕೆಯನ್ನು ಮಾತಾಡಿ ಬಿಡಿಸೋದು. ತಿಳಿದವರ ಮಾರ್ಗದರ್ಶನದಲ್ಲಿ ಕೆಲವು ವಾರ ಮಾಡಬೇಕು. ಅಮೆರಿಕದ ವೈದ್ಯರ ಸಂಸ್ಥೆಯೊಂದು 2016ರಲ್ಲೇ ಮೊದಲ ಚಿಕಿತ್ಸೆ ಇದೇ ಆಗಲಿ ಅಂತ ಸಲಹೆ ಕೊಟ್ಟಿತು. ಲಾಸ್ ಏಂಜಲೀಸ್‌ನಲ್ಲಿ 60 ದಾಟಿದ, ನಿದ್ದೆ ಬಾರದ, ಆದರೆ ಡಿಪ್ರೆಶನ್ ಇಲ್ಲದ 291 ಜನರನ್ನು ಮೂರು ವರ್ಷ ನೋಡಿದರು. ಬರೀ ತಿಳಿವಳಿಕೆ ಪಾಠ ಕೇಳಿದವರಲ್ಲಿ ಶೇ. 25.9 ಜನರಿಗೆ ಡಿಪ್ರೆಶನ್ ಬಂತು. ಈ ಚಿಕಿತ್ಸೆ ಪಡೆದವರಲ್ಲಿ ಶೇ. 12.2. ಅರ್ಧಕ್ಕಿಂತ ಕಡಿಮೆ! ಜೀನ್ ಬದಲಾಗಲಿಲ್ಲ, ನಿದ್ದೆ ಬದಲಾಯಿತು.

ಅದಕ್ಕೇ ನಾನು ಹೇಳೋದು, ನಮ್ಮ ಊರಿನಲ್ಲಿ ಮನಸ್ಸಿನ ಕಾಯಿಲೆಗೆ ನಿದ್ದೆಯೇ ಬಾಗಿಲಾಗಲಿ. ಡಿಪ್ರೆಶನ್ ಅಂದರೆ ಎದ್ದು ಹೋಗುವ ಅಪ್ಪ, ನಿದ್ದೆ ಅಂದರೆ ಕೂತು ಮಾತಾಡ್ತಾನೆ. ಅಲ್ಲಿಂದಲೇ ಶುರು ಮಾಡಿ. ವಾರಕ್ಕೆ ಮೂರು ರಾತ್ರಿ ನಿದ್ದೆ ಕೆಟ್ಟು, ಅದು ಮೂರು ತಿಂಗಳಾದರೆ ಅದು ದೀರ್ಘಕಾಲದ ನಿದ್ರಾಹೀನತೆ. ಮನೆಯಲ್ಲಿ ಮೊದಲೇ ಯಾರಿಗಾದರೂ ಡಿಪ್ರೆಶನ್ ಇದ್ದರೆ ಮೂರು ತಿಂಗಳು ಕಾಯಬೇಡಿ. ಡಾಕ್ಟರ್ ಹತ್ರ ಹೋದಾಗ ಅವ್ವ, ಅಜ್ಜಿ, ಚಿಕ್ಕಪ್ಪ, ಯಾರಿಗೆ ಏನಿತ್ತು ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಯಾರಾದರೂ ಪ್ರಾಣ ಕಳೆದುಕೊಂಡಿದ್ದರೆ ಅದನ್ನೂ ಹೇಳಿ. ಗೊರಕೆ ಜೋರಾಗಿ ನಡುವೆ ಉಸಿರು ನಿಲ್ಲುತ್ತಿದ್ದರೆ ಅದನ್ನೂ. ಮಲಗಿದಾಗ ಕಾಲಿನಲ್ಲಿ ಏನೋ ಹರಿದಾಡಿದ ಹಾಗಾಗಿ ಅಲ್ಲಾಡಿಸದೆ ಇರೋಕಾಗದಿದ್ದರೆ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇರುವ ಹೆಂಗಸರು ಇದನ್ನು ಮರೆಯಬೇಡಿ.

ಮಡಿಕೇರಿಗೆ ಹೋಗೋಕೆ ಮಳೆ, ದಾರಿ, ಜನ ಏನಂತಾರೋ ಅನ್ನೋ ಅಳುಕು, ಇದೆಲ್ಲ ಅಡ್ಡ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರು ಗಂಟೆಗೂ ಮಾಡಬಹುದು.