ಲೆಕ್ಕ ಕೇಳುವ ದ್ರೋಹಿಗಳು

ಕಾರವಾರದ ಕಾರ್ಮಿಕ ಸಂಘವೊಂದರ ವಾರ್ಷಿಕ ಸಭೆಯಲ್ಲಿ ವಂತಿಗೆಯ ಲೆಕ್ಕ ಕೇಳಿದ ಸದಸ್ಯನನ್ನು ‘ಮಾಲೀಕರ ಏಜೆಂಟ್’ ಎಂದು ಜರೆದು ಕೂರಿಸಿದ ಸುದ್ದಿಯನ್ನು ತಾವೆಲ್ಲ ಓದಿಯೇ ಇರುತ್ತೀರಿ. ಮುಖಂಡರ ಸಂಯಮವನ್ನು ಮೆಚ್ಚಲೇಬೇಕು. ಮನಸ್ಸು ಮಾಡಿದ್ದರೆ ಅವರು ಆತನನ್ನು ಸಂಘದಿಂದಲೇ ಹೊರಹಾಕಿ, ಹೊರಹಾಕಿದ ಖರ್ಚನ್ನೂ ವಂತಿಗೆಯ ಲೆಕ್ಕಕ್ಕೇ ಬರೆಯಬಹುದಿತ್ತು.

ಆ ಪುಣ್ಯಾತ್ಮ ಕೇಳಿದ್ದಾದರೂ ಏನು? ಚುನಾವಣೆಯ ಹೊತ್ತಿಗೆ ಸವಿತಾ ಸರ್ಕಲ್ಲಿನಿಂದ ಬೈತಖೋಲದವರೆಗೆ ಎದ್ದುನಿಂತ ಫ್ಲೆಕ್ಸುಗಳಿಗೆ ಹಣ ಎಲ್ಲಿಂದ ಬಂತು ಎಂದು. ಆ ಫ್ಲೆಕ್ಸುಗಳಲ್ಲಿ ಅಭ್ಯರ್ಥಿಯ ಮುಖಕ್ಕಿಂತ ಸಂಘದ ಮುಖಂಡರ ಮುಖವೇ ದೊಡ್ಡದಾಗಿತ್ತು ಎಂಬುದು ಬೇರೆ ಮಾತು. ಅವು ದಂಡವಾದವು ಎಂದು ನಾನಂತೂ ಹೇಳಲಾರೆ. ಜೂನ್ ತಿಂಗಳ ಮಳೆ ಹಿಡಿದಾಗ ಕೋಡಿಬಾಗದ ಹಿತ್ತಿಲುಗಳಲ್ಲಿ ಕಟ್ಟಿಗೆ ರಾಶಿಯ ಮೇಲೆ ಅದೇ ಮುಖಂಡರು ಕೈಮುಗಿದುಕೊಂಡು ಅಂಗಾತ ಮಲಗಿದ್ದನ್ನೂ, ಅವರ ಹಲ್ಲುಗಳ ಮೇಲಿಂದ ನೀರು ಹರಿಯುತ್ತಿದ್ದುದನ್ನೂ ಕಂಡವನು ನಾನು. ಸದಸ್ಯರ ಹಣ ಸದಸ್ಯರ ಮನೆಗೇ ಮರಳಿದ ಏಕೈಕ ನಿದರ್ಶನ ಬಹುಶಃ ಅದೇ ಇರಬೇಕು.

ಸಂಘ ರಾಜಕೀಯ ಮಾಡಬಾರದೆಂದು ಯಾರೂ ಹೇಳಿಲ್ಲ. ಆದರೆ ಅದಕ್ಕೆ ಪ್ರತ್ಯೇಕ ನಿಧಿ ಇರಬೇಕು, ಆ ನಿಧಿಗೆ ಕೊಡೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ, ಕೊಡದವನಿಗೆ ಸಂಘದ ಸವಲತ್ತು ತಪ್ಪಿಸುವಂತಿಲ್ಲ ಎಂದು 1926ರ ಕಾರ್ಮಿಕ ಸಂಘಗಳ ಕಾಯ್ದೆಯ 16ನೇ ಕಲಮು ಹೇಳಿತ್ತು. ಲೆಕ್ಕದ ಪುಸ್ತಕಗಳನ್ನು ಸದಸ್ಯ ಪರಿಶೀಲಿಸಬಹುದೆಂದು 20ನೇ ಕಲಮು ಹೇಳಿತ್ತು. ಪ್ರತ್ಯೇಕ ನಿಧಿಯ ಮಾತನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಹೀಗಾಗಿ ‘ಏಜೆಂಟ್’ ಎಂಬ ಬಿರುದಿಗೆ ಮೊದಲ ಹಕ್ಕುದಾರರು ಶಾಸನ ಮಾಡಿದವರೇ.

ಆದರೆ ಆ ಶಾಸನಕರ್ತರ ಕರುಣೆಯೂ ದೊಡ್ಡದು. ವಾರ್ಷಿಕ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸದಿದ್ದರೆ ಹಳೆಯ ಕಾಯ್ದೆಯಲ್ಲಿ ದಂಡ ಹೆಚ್ಚೆಂದರೆ 5 ರೂಪಾಯಿ. ತಪ್ಪು ಮುಂದುವರಿದರೆ ವಾರಕ್ಕೆ ಮತ್ತೆ 5. ಎಷ್ಟೇ ವರ್ಷ ಎಳೆದರೂ ಒಟ್ಟು 50 ಮೀರುವಂತಿರಲಿಲ್ಲ. ಆ ದುಡ್ಡಿಗೆ ಇಂದು ಕಾರವಾರದ ಖಾನಾವಳಿಯಲ್ಲಿ ಬಂಗಡೆ ಫ್ರೈ ಸಿಗುವುದೂ ಅನುಮಾನ. ಆ ದಂಡವನ್ನಾದರೂ ಯಾರ ಹಣದಿಂದ ಕಟ್ಟುತ್ತಿದ್ದರು ಎಂದು ಕೇಳಬೇಡಿ, ನೀವೂ ಏಜೆಂಟರಾಗುತ್ತೀರಿ.

ಇನ್ನು ತಮಾಷೆ ಸಾಕು. ಕಾಯಿಲೆ ಬಿದ್ದ ಸದಸ್ಯನಿಗೆ, ಅಪಘಾತಕ್ಕೆ ಸಿಕ್ಕವನಿಗೆ, ಸತ್ತವನ ಅವಲಂಬಿತರಿಗೆ ಸಾಮಾನ್ಯ ನಿಧಿಯಿಂದ ಭತ್ಯೆ ಕೊಡಲು ಅದೇ ಕಾಯ್ದೆಯ 15ನೇ ಕಲಮಿನಲ್ಲಿ ಅವಕಾಶವಿತ್ತು. ಮೂಟೆ ಹೊತ್ತು ಬೆನ್ನು ಕಳೆದುಕೊಂಡ ಹಮಾಲನ ಹೆಂಡತಿ ಆಸ್ಪತ್ರೆಯ ಚೀಟಿ ಹಿಡಿದು ಬಂದರೆ ‘ಫಂಡಿನಲ್ಲಿ ದುಡ್ಡಿಲ್ಲ ಬಾಯಿ’ ಎಂದು ಸಾಗಹಾಕುವವರಿಗೆ ಫ್ಲೆಕ್ಸಿನ ಮುಂಗಡ ಕೊಡಲು ಮಾತ್ರ ಒಂದು ದಿನವೂ ತಡವಾಗುವುದಿಲ್ಲ. ಪ್ರತಿ ತಿಂಗಳು ರಸೀದಿ ಹರಿಯುವ ಕೈಗೆ ಖರ್ಚಿನ ಪುಸ್ತಕ ತೆರೆಯುವುದೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಆ ಕುರ್ಚಿ ಬಿಟ್ಟು ಏಳಿ.