ಪಾಸ್ ಕೊಟ್ಟವರ ಹೆಸರನ್ನೂ ಬರೆಯಿರಿ

ಧಾರವಾಡದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಮಳೆಗಾಲದಲ್ಲಿ ಸಿಮೆಂಟ್ ಕೋರ್ಟ್ ಮೇಲೆ ನಿಂತ ನೀರನ್ನು ಗೋಣಿಚೀಲದಿಂದ ಒರೆಸಿಯೇ ಆಟ ಶುರು ಮಾಡಬೇಕು. ಅದಕ್ಕೂ ಬೇಸರ ಮಾಡಿಕೊಳ್ಳದ ಮಕ್ಕಳು ಇವರು. ಆದರೆ ಬಾಲ್ ತಂದು ಎಲ್ಲರಿಗೂ ಹಂಚಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಯಾರಾಗುತ್ತೀರಿ ಅಂದರೆ ಎಲ್ಲರೂ ನೆಲ ನೋಡುತ್ತಾರೆ. ಹೋದ ತಿಂಗಳು ಒಬ್ಬ ಹುಡುಗ ನೇರವಾಗಿ ಹೇಳಿಬಿಟ್ಟ: "ಸರ್, ನಾ ಬಾಲ್ ತಂದು ಕೊಡಾಂವ ಆಗಂಗಿಲ್ರಿ. ನಾ ಹಾಕಾಂವ ಆಗ್ತೀನ್ರಿ."

ಅವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಕಡೆಯ ಟೂರ್ನಮೆಂಟಿನ ಸ್ಕೋರ್‌ಶೀಟ್ ಒಮ್ಮೆ ನೋಡಿ. ಯಾರು ಎಷ್ಟು ಅಂಕ ಹೊಡೆದರು, ಯಾರ ಮೇಲೆ ಎಷ್ಟು ಫೌಲ್, ಟೈಮ್‌ಔಟ್ ಯಾವಾಗ, ಎಲ್ಲ ಇರುತ್ತದೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಹಾಳೆಯೇ ಹಾಗಿದೆ. ಬಾಸ್ಕೆಟ್ ಆಗುವಂತೆ ಬಾಲ್ ಕೊಟ್ಟವರಿಗೆ ಅದರಲ್ಲಿ ಜಾಗ ಇಲ್ಲ. ದೊಡ್ಡ ಪಂದ್ಯಗಳಲ್ಲಿ ಇಂಥ ಪಾಸ್, ಅಂದರೆ ಅಸಿಸ್ಟ್, ಎಣಿಸಲು ಬೇರೆ ಜನ ಕೂರುತ್ತಾರೆ. ನಮ್ಮಲ್ಲಿ ಯಾರು ಕೂರುತ್ತಾರೆ? 40 ನಿಮಿಷ ಇಡೀ ಟೀಮನ್ನು ಆಡಿಸಿದ ಹುಡುಗಿಯ ಹೆಸರಿನ ಮುಂದೆ ಕೊನೆಗೆ ಉಳಿಯುವುದು ನಾಲ್ಕು ಅಂಕ, ಮೂರು ಫೌಲ್. ಅವಳ ತಪ್ಪು ಬರೆದಿಡುತ್ತೇವೆ, ಅವಳ ಕೆಲಸ ಬರೆಯುವುದಿಲ್ಲ.

ನನಗೂ ಇದೇ ಆಗಿತ್ತು. ಕಾಲೇಜಿನ ದಿನಗಳಲ್ಲಿ ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದೆ. ನಮ್ಮ ಟೀಮ್ ಮೂರು ಪಂದ್ಯವನ್ನೂ ಗೆದ್ದಿತ್ತು. ಟೇಬಲ್ ಹತ್ತಿರ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ನೀ ಎಷ್ಟ್ ಬಾಸ್ಕೆಟ್ ಹಾಕಿದಿ?" "ಎರಡ್ರಿ ಸರ್" ಅಂದೆ. ಅಲ್ಲಿಗೆ ಮುಗಿಯಿತು. ನನ್ನ ಪಾಸಿನಿಂದಲೇ ಬಾಸ್ಕೆಟ್ ಹಾಕಿದ್ದ ಇಬ್ಬರು ಗೆಳೆಯರು ಆಯ್ಕೆಯಾದರು. ಅವರ ಬಗ್ಗೆ ಇವತ್ತಿಗೂ ಖುಷಿ ಇದೆ. ಆದರೆ ಬಸ್ಸಿನಲ್ಲಿ ಕೂತು ಹುಬ್ಬಳ್ಳಿಗೆ ವಾಪಸ್ ಬಂದ ಆ ಸಂಜೆ ಮರೆತಿಲ್ಲ.

ಅದಕ್ಕೇ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಪಾಯಿಂಟ್ ಗಾರ್ಡ್ ಆಗಿದ್ದ ಜಾನ್ ಸ್ಟಾಕ್ಟನ್ ಬಗ್ಗೆ ಮಕ್ಕಳಿಗೆ ಪದೇ ಪದೇ ಹೇಳುತ್ತೇನೆ. 6 ಅಡಿ 1 ಇಂಚು ಎತ್ತರ. ಎನ್‌ಬಿಎ ಲೆಕ್ಕದಲ್ಲಿ ಗಿಡ್ಡನೇ. ಸ್ಪೋಕೇನ್ ಎಂಬ ಊರಿನವನು, ಓದಿದ್ದೂ ಅದೇ ಊರಿನ ಗೊನ್ಜಾಗಾ ವಿಶ್ವವಿದ್ಯಾಲಯದಲ್ಲಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1984ರಲ್ಲಿ, 16ನೆಯವನಾಗಿ ಯೂಟಾ ಜಾಜ್ ತಂಡಕ್ಕೆ ಬಂದ. ಮೊದಲ 3 ವರ್ಷ ಹೆಚ್ಚಾಗಿ ಬೆಂಚಿನಿಂದ ಎದ್ದು ಬಂದೇ ಆಡಿದ. ಆಮೇಲೆ ಸತತ 9 ವರ್ಷ ಅಸಿಸ್ಟ್‌ನಲ್ಲಿ ಇಡೀ ಲೀಗಿಗೇ ಮೊದಲು. 19 ಸೀಸನ್, ಒಂದೇ ತಂಡ. ಅಷ್ಟರಲ್ಲಿ ತಪ್ಪಿಸಿಕೊಂಡ ಪಂದ್ಯ ಬರೀ 22. 2003ರಲ್ಲಿ ನಿಲ್ಲಿಸಿದಾಗ ಅವನ ಅಸಿಸ್ಟ್ 15,806. ಎರಡನೇ ಸ್ಥಾನದಲ್ಲಿರುವ ಕ್ರಿಸ್ ಪಾಲ್ 3,000ಕ್ಕೂ ಜಾಸ್ತಿ ಹಿಂದೆ ಇದ್ದಾನೆ. ಯಾರಾದರೂ ಇದನ್ನು ದಾಟುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಅವನೂ ಜಾಜ್‌ನ ಜೊತೆಗಾರ ಕಾರ್ಲ್ ಮಲೋನ್‌ನೂ ಸೇರಿ ಆಡುತ್ತಿದ್ದ ಪಿಕ್ ಅಂಡ್ ರೋಲ್ ನೋಡಬೇಕು. ಹುಬ್ಬಳ್ಳಿಯ ದುರ್ಗದಬೈಲಿನ ಸಂಜೆಯ ಗದ್ದಲದಲ್ಲಿ ದೊಡ್ಡ ಆಳೊಬ್ಬ ಅಡ್ಡ ನಿಂತರೆ ನಿಮ್ಮ ಹಿಂದೆ ಬರುವವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ ಅಲ್ವಾ, ಹಾಗೆ. ಮಲೋನ್ ಗೋಡೆಯಂತೆ ನಿಲ್ಲುತ್ತಿದ್ದ. ಸ್ಟಾಕ್ಟನ್ ಅವನ ಭುಜ ಸವರಿಕೊಂಡು ಹೋಗುತ್ತಿದ್ದ. ಎದುರಾಳಿಗಳು ಇಬ್ಬರೂ ಬಾಲಿನ ಕಡೆ ನುಗ್ಗಿದರೆ ಮಲೋನ್ ತಿರುಗಿ ಬಾಸ್ಕೆಟ್ ಕಡೆ ಓಡುತ್ತಿದ್ದ, ಇಬ್ಬರ ನಡುವಿನ ಸಂದಿಯಲ್ಲಿ ನೆಲಕ್ಕೆ ಬಡಿದ ಬಾಲ್ ಸರಿಯಾಗಿ ಅವನ ಕೈಗೆ ಬರುತ್ತಿತ್ತು. ಅವರು ನುಗ್ಗದಿದ್ದರೆ ಸ್ಟಾಕ್ಟನ್ ತಾನೇ ಹೊಡೆಯುತ್ತಿದ್ದ. ಇದು ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ತಡೆಯಲು ಆಗುತ್ತಿರಲಿಲ್ಲ. ಮಲೋನ್ ವೃತ್ತಿಜೀವನದಲ್ಲಿ ಹೊಡೆದ 36,928 ಅಂಕಗಳಲ್ಲಿ ಎಷ್ಟು ಈ ಕೈಯಿಂದ ಹೋದ ಬಾಲ್ ಅಂತ ಯೋಚಿಸಿ.

ಇಂಥವನನ್ನೂ ಜನ ನೆನಪಿಡುವುದು ಒಂದು ಶಾಟ್‌ಗಾಗಿ. 1997ರ ಮೇ 29, ಹ್ಯೂಸ್ಟನ್ ವಿರುದ್ಧ ಕೊನೆಯ ಕ್ಷಣದ ಮೂರು ಅಂಕ. ಜಾಜ್ ಮೊದಲ ಸಲ ಫೈನಲ್‌ಗೆ ಹೋಯಿತು. ಸರಿ, ಅದ್ಭುತ ಶಾಟ್. ಆದರೆ ಅದಾದ ಹತ್ತು ದಿನಕ್ಕೆ ಷಿಕಾಗೊ ಬುಲ್ಸ್ ವಿರುದ್ಧ ಫೈನಲ್‌ನ ನಾಲ್ಕನೇ ಪಂದ್ಯ ಇತ್ತು. ಒಂದು ನಿಮಿಷವೂ ಉಳಿದಿರಲಿಲ್ಲ, ಜಾಜ್ 1 ಅಂಕ ಹಿಂದೆ. ಬುಲ್ಸ್‌ನ ಮೈಕಲ್ ಜೋರ್ಡನ್ ಶಾಟ್ ತಪ್ಪಿತು. ಸ್ಟಾಕ್ಟನ್ ಬಾಲ್ ಹಿಡಿದವನೇ ಕೋರ್ಟಿನ ಆ ತುದಿಗೆ ಎಸೆದ. ಓಡುತ್ತಿದ್ದ ಮಲೋನ್ ಹಿಡಿದು ಹಾಕಿದ. 74-73. ಆ ಪಂದ್ಯ ಗೆದ್ದರು. ನನಗೆ ಆ ಶಾಟ್‌ಗಿಂತ ಈ ಪಾಸ್ ದೊಡ್ಡದು. ಯೂಟ್ಯೂಬ್‌ನಲ್ಲಿ ಎರಡನ್ನೂ ನೋಡಿ ನೀವೇ ಹೇಳಿ.

ಅದೇ ಫೈನಲ್‌ನ ಆರನೇ ಪಂದ್ಯದಲ್ಲಿ ಜಾಜ್ ಸೋತಿದ್ದೂ ಪಾಸಿನಿಂದಲೇ. 86-86 ಇತ್ತು. ಸ್ಟಾಕ್ಟನ್ ತಾನು ಕಾಯಬೇಕಿದ್ದ ಬುಲ್ಸ್‌ನ ಸ್ಟೀವ್ ಕೆರ್‌ನನ್ನು ಬಿಟ್ಟು ಜೋರ್ಡನ್ ಕಡೆ ಹೋದ. ಜೋರ್ಡನ್ ಹೊಡೆಯಲಿಲ್ಲ, ಕೆರ್‌ಗೆ ಕೊಟ್ಟ. ಕೆರ್ ಹಾಕಿದ. ಅಷ್ಟು ದೊಡ್ಡ ಸ್ಕೋರರ್ ಕೂಡ ಆ ಹೊತ್ತಿನಲ್ಲಿ ನಂಬಿದ್ದು ಪಾಸನ್ನು. ಮರುವರ್ಷವೂ ಜಾಜ್ ಬುಲ್ಸ್‌ಗೆ ಸೋತಿತು. ಸ್ಟಾಕ್ಟನ್‌ಗೆ ಎನ್‌ಬಿಎ ಕಪ್ ಸಿಗಲೇ ಇಲ್ಲ.

1992ರ ಒಲಿಂಪಿಕ್ಸ್ ಸಮಯದಲ್ಲಿ ಅವನು ಬಾರ್ಸಿಲೋನಾದ ಬೀದಿಯಲ್ಲಿ ಮನೆಯವರ ಜೊತೆ ಸುಮ್ನೆ ಓಡಾಡಿದ. ಅವನೂ ಆಡುತ್ತಿದ್ದ ಅಮೆರಿಕದ ತಂಡ, ಡ್ರೀಮ್ ಟೀಮ್, ಚಿತ್ರದ ಟೀ ಶರ್ಟ್ ಹಾಕಿದ್ದ ಹೆಂಗಸೊಬ್ಬಳು ಅವನ ಜೊತೆ ಮಾತಾಡಿದಳು, ಯಾರೆಂದು ಗೊತ್ತೇ ಆಗಲಿಲ್ಲ. ಅವನ ಚಿತ್ರ ಅವಳ ಅಂಗಿಯ ಮೇಲೇ ಇತ್ತು! ಮುಖ ಮರೆತರೂ ಆ 15,806 ಉಳಿದಿದೆ. ಯಾಕೆಂದರೆ ಪ್ರತಿ ರಾತ್ರಿ ಯಾರೋ ಕೂತು ಎಣಿಸಿ ಬರೆದಿದ್ದಾರೆ. ಎನ್‌ಬಿಎಯಲ್ಲಿ 1946ರಲ್ಲಿ ಲೀಗ್ ಶುರುವಾದಾಗಿನಿಂದಲೂ ಅಸಿಸ್ಟ್ ಬರೆಯುತ್ತಾರೆ.

ನಮ್ಮಲ್ಲಿ ಆಟದ ಕೋಟಾದಲ್ಲಿ ಒಂದು ರೈಲ್ವೆ ಕೆಲಸ ಸಿಕ್ಕರೆ ಮನೆಯ ದಿಕ್ಕೇ ಬದಲಾಗುತ್ತದೆ. ಹಾಗಿರುವಾಗ ಬಾಲ್ ಕೊಡುವ ಮಗುವಿನ ಕೈಯಲ್ಲಿ ತೋರಿಸಲು ಏನಾದರೂ ಬೇಡವಾ?

ಈ ವರ್ಷದಿಂದ ನಾನೇ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಕಳೆದ ಭಾನುವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೂವರ ನಡುವಿನಿಂದ ಬಾಲ್ ತೂರಿಸಿದಳು. ಗೆಳತಿ ಬಾಸ್ಕೆಟ್ ಹತ್ತಿರ ಯಾರೂ ತಡೆಯದೆ ಸಿಕ್ಕ ಲೇಅಪ್ ಹಾಕಲಾಗದೆ ತಪ್ಪಿದಳು. ನಿಯಮದ ಪ್ರಕಾರ ಅದು ಅಸಿಸ್ಟ್ ಅಲ್ಲ. ಆಟ ಮುಗಿದ ಮೇಲೆ ಬಂದು ಕೇಳಿದಳು: "ಸರ್, ಅದನ್ನ ಬರದ್ರೇನ್ರಿ?"

"ಬರದೇನವಾ" ಅಂದು ತೋರಿಸಿದೆ. ಅದಕ್ಕೊಂದು ಬೇರೆ ಕಾಲಂ ಹಾಕಿದ್ದೆ. ಮೇಲೆ "ಕೊಟ್ಟಳು" ಅಂತ ಬರೆದಿದ್ದೆ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ಮಕ್ಕಳ ಟೂರ್ನಮೆಂಟ್ ನಡೆಸುವವರು ಇದನ್ನು ಓದಿದರೆ ಒಂದು ಮೆಸೇಜ್ ಹಾಕಿ. ಟೇಬಲ್ ಪಕ್ಕ ಒಂದು ಕುರ್ಚಿ ಕೊಡಿ ಸಾಕು. ನೋಟ್‌ಬುಕ್, ಪೆನ್ನು ನಾನೇ ತರುತ್ತೇನೆ.